ಚಳಿಗಾಲದಲ್ಲಿ ಸೋಲಾರ್ ವಿದ್ಯುತ್ ಇಳಿಯುವುದೇಕೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಸೋಲಾರ್ ಫಲಕಗಳಿವೆ. ಆಕಾಶ ಶುಭ್ರವಾಗಿದ್ದರೂ ಡಿಸೆಂಬರ್‌ನಲ್ಲಿ ಉತ್ಪಾದನೆ ಇಳಿಯುತ್ತದೆ. ಇದಕ್ಕೆ ಚಳಿ ಕಾರಣವೇ? ಏನು ಮಾಡಬಹುದು?

ಉತ್ತರ: ಚಳಿ ಕಾರಣವಲ್ಲ. ಸೋಲಾರ್ ವಾಟರ್ ಹೀಟರಿನ ನೀರು ಚಳಿಗಾಲದಲ್ಲಿ ಸಾಕಷ್ಟು ಕಾಯದಿರುವುದನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ವಿದ್ಯುತ್ ಫಲಕಕ್ಕೆ ಬೇಕಾದದ್ದು ಬಿಸಿಲಿನ ಬೆಳಕು ಮಾತ್ರ. ಶಾಖ ಅದಕ್ಕೆ ಅಡ್ಡಿಯೇ ಸರಿ. ಫಲಕದ ಸಾಮರ್ಥ್ಯವನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆದಿರುತ್ತಾರೆ. ಅಲ್ಲಿಂದ ಮೇಲೇರುವ ಪ್ರತಿ ಡಿಗ್ರಿಗೂ ಉತ್ಪಾದನೆ ಸುಮಾರು ಶೇ 0.3ರಿಂದ 0.4ರಷ್ಟು ತಗ್ಗುತ್ತದೆ. ಹಗಲು ಒಂದೂವರೆ ಗಂಟೆಯಷ್ಟು ಕಿರಿದಾಗುವುದರಿಂದ ಜೂನ್‌ಗಿಂತ ಬಿಸಿಲಿನ ಅವಧಿ ಕಡಿಮೆಯಾಗುವುದು ನಿಜವಾದರೂ, ತಂಪು ಗಾಳಿ ಆ ನಷ್ಟದ ಒಂದು ಪಾಲನ್ನು ತುಂಬಿಕೊಡುತ್ತದೆ.

ನಗರದ ತಾರಸಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ನೆರಳನ್ನು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿ, ನಡುಹಗಲಿನಲ್ಲೂ ಸುಮಾರು 54 ಡಿಗ್ರಿಗಿಂತ ಮೇಲೇರುವುದಿಲ್ಲ. ಹೀಗಾಗಿ ಮಳೆಗಾಲದಲ್ಲಿ ಯಾವ ತೊಂದರೆಯನ್ನೂ ಕೊಡದ, ಫಲಕಗಳಿಗಿಂತ 2 ಮೀಟರ್ ಎತ್ತರದಲ್ಲಿರುವ ನೀರಿನ ಟ್ಯಾಂಕು ಈಗ ನಡುಹಗಲಿನಲ್ಲಿ ಸುಮಾರು ಒಂದೂವರೆ ಮೀಟರ್, ಬೆಳಗಿನ ಒಂಬತ್ತರ ವೇಳೆಗೆ ಮೂರೂವರೆ ಮೀಟರ್ ಉದ್ದದ ನೆರಳು ಚೆಲ್ಲುತ್ತದೆ. ಫಲಕಗಳನ್ನು ಸಾಮಾನ್ಯವಾಗಿ ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿರುವುದರಿಂದ, ಒಂದು ಫಲಕದ ಮೂಲೆಗೆ ಬಿದ್ದ ನೆರಳಿನ ನಷ್ಟ ಆ ಮೂಲೆಯ ಅಳತೆಗಿಂತ ಬಹಳ ದೊಡ್ಡದಾಗಬಹುದು. ಆದ್ದರಿಂದ ಡಿಸೆಂಬರ್ ಮೂರನೆಯ ವಾರದ ಒಂದು ಬಿಸಿಲಿನ ದಿನ ಒಂಬತ್ತು, ಹನ್ನೆರಡು ಮತ್ತು ಮೂರು ಗಂಟೆಗೆ ತಾರಸಿಗೆ ಹೋಗಿ ನೋಡಿ. ಟ್ಯಾಂಕನ್ನೋ ಡಿಶ್ ಆಂಟೆನಾವನ್ನೋ ಉತ್ತರದ ಬದಿಗೆ ಸರಿಸಲು, ತೆಂಗಿನ ಒಣಗರಿ ತೆಗೆಸಲು ಸಾಧ್ಯವಿದ್ದರೆ ಮೊದಲು ಅದನ್ನು ಮಾಡಿ. ಪಕ್ಕದ ಸೈಟಿನಲ್ಲಿ ಎದ್ದ ನಾಲ್ಕಂತಸ್ತಿನ ಕಟ್ಟಡಕ್ಕೆ ಮಾತ್ರ ಇಂಥ ಸುಲಭದ ಮದ್ದಿಲ್ಲ. ಅಲ್ಲಿ ಪ್ರತಿ ಫಲಕವೂ ತನ್ನಷ್ಟಕ್ಕೆ ಕೆಲಸ ಮಾಡುವಂತೆ ಅದಕ್ಕೇ ಜೋಡಿಸುವ ಆಪ್ಟಿಮೈಜರ್ ಅಥವಾ ಮೈಕ್ರೋ ಇನ್ವರ್ಟರ್ ಎಂಬ ಪುಟ್ಟ ಸಾಧನ ಹಾಕಿಸಿದರೆ ಒಂದರ ನೆರಳು ಉಳಿದವುಗಳ ಉತ್ಪಾದನೆಯನ್ನು ಕೆಳಕ್ಕೆಳೆಯುವುದು ತಪ್ಪುತ್ತದೆ, ಆದರೆ ಖರ್ಚು ನೋಡಿ ನಿರ್ಧರಿಸಬೇಕು.

ಎರಡನೆಯದು ಧೂಳು. ಮಳೆ ನಿಂತ ಮೇಲೆ ಫಲಕ ತೊಳೆಯುವವರಿಲ್ಲ. ರಾತ್ರಿಯ ಇಬ್ಬನಿ ಧೂಳನ್ನು ಕೆಸರಿನಂತೆ ಅಂಟಿಸಿಬಿಡುತ್ತದೆ. ಬಿಸಿಲೇರುವ ಮೊದಲು, ಗಾಜು ತಣ್ಣಗಿರುವಾಗಲೇ, ನೀರು ಮತ್ತು ಮೃದುವಾದ ಬಟ್ಟೆಯಿಂದ ಒರೆಸಿ. ಬೋರ್‌ವೆಲ್‌ನ ಗಡುಸು ನೀರು ಆರಿದಾಗ ಬಿಳಿ ಕಲೆ ಉಳಿಸುವುದರಿಂದ, ಹಿಡಿದಿಟ್ಟ ಮಳೆನೀರು ಇದ್ದರೆ ಅದೇ ಉತ್ತಮ.

ಫಲಕದ ಓರೆಯನ್ನು ಬದಲಿಸುವ ಸಲಹೆಯೂ ಕೇಳಿಬರುತ್ತದೆ. ದಕ್ಷಿಣಕ್ಕೆ ಮುಖಮಾಡಿ 13 ಡಿಗ್ರಿ ಓರೆಯಲ್ಲಿರುವುದನ್ನು 28 ಡಿಗ್ರಿಗೆ ಏರಿಸಿದರೆ ಡಿಸೆಂಬರ್‌ನ ನಡುಹಗಲಿನಲ್ಲಿ ನೇರ ಬಿಸಿಲು ಲೆಕ್ಕದಂತೆ ಶೇ 7–8ರಷ್ಟು ಹೆಚ್ಚು ಬೀಳುತ್ತದೆ. ಉತ್ತರದ ಹಿಮದ ನಾಡುಗಳಲ್ಲಿ ಓರೆಯ ಮಹತ್ವ ಬಹಳ. ಇಲ್ಲಿ ವರ್ಷಕ್ಕೆರಡು ಬಾರಿ ಬೋಲ್ಟು ಬಿಚ್ಚಿ, ಗಾಳಿಗೆ ಚೌಕಟ್ಟನ್ನು ಸಡಿಲಗೊಳಿಸಿಕೊಳ್ಳುವಷ್ಟು ಲಾಭ ಅದರಲ್ಲಿಲ್ಲವೆಂದು ನನ್ನ ಅಭಿಪ್ರಾಯ.

ಬ್ಯಾಟರಿ ಅವಲಂಬಿಸಿದವರು ನೀರಿನ ಪಂಪು, ವಾಷಿಂಗ್ ಮಷೀನು, ಗ್ರೈಂಡರ್‌ಗಳನ್ನು ಹತ್ತರಿಂದ ಮೂರು ಗಂಟೆಯೊಳಗೆ, ಒಂದಾದ ಮೇಲೊಂದರಂತೆ ಬಳಸುವುದು ಒಳ್ಳೆಯದು. ನೆಟ್ ಮೀಟರಿಂಗ್ (ಹೆಚ್ಚುವರಿ ವಿದ್ಯುತ್ತನ್ನು ಸರಬರಾಜು ಜಾಲಕ್ಕೆ ಕೊಟ್ಟು ಬಿಲ್ಲಿನಲ್ಲಿ ಹೊಂದಿಸಿಕೊಳ್ಳುವ ವ್ಯವಸ್ಥೆ) ಇರುವ ಮನೆಗಳಿಗೆ ಈ ಕಟ್ಟುನಿಟ್ಟು ಅಷ್ಟಾಗಿ ಬೇಕಿಲ್ಲ.