ಪಿಕ್ಸೆಲ್ ಎಣಿಸಿದರೆ ಕಾಡಿನ ಲೆಕ್ಕ ಸಿಗುವುದಿಲ್ಲ: ಸಂರಕ್ಷಿತಾರಣ್ಯ ಮತ್ತು ಉಪಗ್ರಹ ಚಿತ್ರ, ಒಂದು ಅಧ್ಯಯನ ಟಿಪ್ಪಣಿ

ಎರಡು ವರ್ಷದ ಎರಡು ಚಿತ್ರ, ಅವುಗಳ ವ್ಯತ್ಯಾಸ, ಅದಕ್ಕೊಂದು ಮಿತಿ, ಕೊನೆಗೆ ಕೆಂಪು ಚುಕ್ಕೆಗಳ ನಕ್ಷೆ. ಇಷ್ಟು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆ ಚುಕ್ಕೆಗಳನ್ನು ಎಣಿಸಿ "ಇಷ್ಟು ಹೆಕ್ಟೇರ್ ಕಾಡು ಹೋಯಿತು" ಎಂದು ಬರೆಯುವಾಗಲೇ ಎಡವುವುದು. ಹಾಗಾಗಿ ಟಿಪ್ಪಣಿಯ ಹೆಚ್ಚಿನ ಪಾಲು ಅದಕ್ಕೇ ಹೋಗಿದೆ. ಚಿತ್ರ ಇಳಿಸಿಕೊಳ್ಳುವುದು, ಅರಣ್ಯದ ಗಡಿಗೆ ಕತ್ತರಿಸುವುದು ಗೊತ್ತಿದೆ ಎಂದುಕೊಂಡು ಬಿಟ್ಟಿದ್ದೇನೆ.

ಚಿತ್ರ, ಕಾಲ, ಸೂಚ್ಯಂಕ

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು 2015ರಿಂದ ಸಿಗುತ್ತವೆ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ಪಿಕ್ಸೆಲ್ ಬದಿ 30 ಮೀಟರ್ ಇರುವ ಅಮೆರಿಕದ ಲ್ಯಾಂಡ್‌ಸ್ಯಾಟ್. ಲ್ಯಾಂಡ್‌ಸ್ಯಾಟ್ 7ರ ಚಿತ್ರದಲ್ಲಿ 2003ರ ಮೇ 31ರ ನಂತರ ಓರೆ ಪಟ್ಟೆಗಳು ಖಾಲಿ ಇರುತ್ತವೆ. ಅದು ಉಪಗ್ರಹದ ಸ್ಕ್ಯಾನ್ ಲೈನ್ ಕರೆಕ್ಟರ್ ಎಂಬ ಭಾಗ ಕೆಟ್ಟ ಗುರುತು, ಕಾಡಿನೊಳಗಿನ ದಾರಿಯಲ್ಲ.

ಎರಡೂ ವರ್ಷಕ್ಕೆ ಅದೇ ತಿಂಗಳುಗಳನ್ನು ತೆಗೆದುಕೊಳ್ಳಿ. ಎಲೆ ಉದುರುವ ಕಾಡಾದರೆ ಇದು ಇನ್ನೂ ಮುಖ್ಯ. ಹಸಿರು ತುಂಬಿದ ತಿಂಗಳನ್ನು ಬೋಳು ತಿಂಗಳ ಜೊತೆ ಹೋಲಿಸಿದರೆ ಒಂದು ಮರವೂ ಬೀಳದೆ ಇಡೀ ಅಭಯಾರಣ್ಯ ಕೆಂಪಾಗುತ್ತದೆ.

ಸೂಚ್ಯಂಕಕ್ಕೆ ಎನ್‌ಡಿವಿಐಗಿಂತ (ಸಸ್ಯದ ಹಸಿರನ್ನು ಅಳೆಯುವ ಸಂಖ್ಯೆ) ಎನ್‌ಬಿಆರ್ (ಸುಟ್ಟ ಜಾಗ ಗುರುತಿಸಲು ಬಳಸುವ ಸಂಖ್ಯೆ) ವಾಸಿ. ಕಡಿದ ಜಾಗದಲ್ಲಿ ಹುಲ್ಲು, ಪೊದೆ ಚಿಗುರಿದೊಡನೆ ಎನ್‌ಡಿವಿಐ ಮತ್ತೆ ಏರಿಬಿಡುತ್ತದೆ. ಎನ್‌ಬಿಆರ್ ಕಿರುತರಂಗದ ಅವಗೆಂಪನ್ನು ಬಳಸುವುದರಿಂದ ಎಲೆಯ ತೇವ, ಮರದ ನೆತ್ತಿಯ ನೆರಳು ಅದಕ್ಕೆ ಚೆನ್ನಾಗಿ ಕಾಣುತ್ತವೆ. ಸೆಂಟಿನೆಲ್-2ರಲ್ಲಿ (ಬಿ8ಎ − ಬಿ12) ÷ (ಬಿ8ಎ + ಬಿ12). ಬಿ8, ಬಿ8ಎ ಹತ್ತಿರದ ಅವಗೆಂಪನ್ನು ಹಿಡಿಯುವ ಪಟ್ಟಿಗಳು, ಬಿ12 ಕಿರುತರಂಗದ ಅವಗೆಂಪಿನದು. ಬಿ8 ಬದಲು ಬಿ8ಎ ಏಕೆಂದರೆ ಅದೂ ಬಿ12ರ ಹಾಗೆ 20 ಮೀಟರಿನದು. ಎರಡನ್ನು ಒಂದೇ ಅಳತೆಗೆ ತರುವ ಗೋಜು ಇಲ್ಲ.

ಮೋಡ ತೆಗೆಯಲು, ಚಿತ್ರದ ಜೊತೆಗೇ ಬರುವ, ಪ್ರತಿ ಪಿಕ್ಸೆಲ್ ಏನೆಂದು ಸಂಖ್ಯೆಯಲ್ಲಿ ಹೇಳುವ ಎಸ್‌ಸಿಎಲ್ ಪದರದ 3, 8, 9, 10 ಸಂಖ್ಯೆಯ ಪಿಕ್ಸೆಲ್‌ಗಳನ್ನು ಬಿಡಿ. ಕ್ರಮವಾಗಿ ಮೋಡದ ನೆರಳು, ಮಧ್ಯಮ ಸಾಧ್ಯತೆಯ ಮೋಡ, ಹೆಚ್ಚಿನ ಸಾಧ್ಯತೆಯ ಮೋಡ, ತೆಳು ಮೋಡ. ಬೆಳ್ಳಗೆ ಹೊಳೆಯುವ ಹೊಸ ಬರಿನೆಲವನ್ನೂ ಇದು ಒಮ್ಮೊಮ್ಮೆ ಮೋಡವೆಂದು ಅಳಿಸಿಬಿಡುತ್ತದೆ, ಅಂದರೆ ನಾವು ಹುಡುಕುತ್ತಿರುವುದನ್ನೇ. ಒಂದೇ ದಿನದ ಚಿತ್ರ ನೆಚ್ಚದೆ ಎರಡು ಮೂರು ತಿಂಗಳ ಚಿತ್ರಗಳ ಮಧ್ಯಾಂಕ ತೆಗೆಯುವುದು ಇದಕ್ಕೇ.

1000 ಕಳೆಯಲು ಮರೆತರೆ

2022ರ ಜನವರಿ 25ರಂದು ಸೆಂಟಿನೆಲ್-2ರ ಸಂಸ್ಕರಣೆ ಬದಲಾಯಿತು. ಬೇಸ್‌ಲೈನ್ (ಸಂಸ್ಕರಣೆಯ ಆವೃತ್ತಿ) 04.00ರಿಂದ ಪ್ರತಿ ಪಿಕ್ಸೆಲ್ ಬೆಲೆಗೂ 1000 ಕೂಡಿಸಿರುತ್ತಾರೆ. ಬೆಳಕಿನ ಪ್ರತಿಫಲನ ಸಿಗಲು ಹಳೆಯದಕ್ಕೆ ಬೆಲೆ ÷ 10000, ಹೊಸದಕ್ಕೆ (ಬೆಲೆ − 1000) ÷ 10000. ಮರೆತರೆ ಏನಾಗುತ್ತದೆ ನೋಡಿ. ದಟ್ಟ ಕಾಡಿನಲ್ಲಿ ಬಿ8ಎ 0.30, ಬಿ12 0.08 ಇದೆ ಎನ್ನಿ. ಎನ್‌ಬಿಆರ್ 0.22 ÷ 0.38, ಅಂದರೆ 0.58. ಅದೇ ಕಾಡು, ಅದೇ ಮರ, 1000 ಕಳೆಯದ ಹೊಸ ಚಿತ್ರದಲ್ಲಿ 0.40 ಮತ್ತು 0.18. ಮೇಲಿನ ವ್ಯತ್ಯಾಸ 0.22 ಹಾಗೇ ಉಳಿಯಿತು, ಕೆಳಗಿನ ಮೊತ್ತ ಮಾತ್ರ 0.58 ಆಯಿತು. ಎನ್‌ಬಿಆರ್ 0.38. ಇಲ್ಲದ 0.20ರ ಕುಸಿತ! ಕುಸಿತ 0.15 ದಾಟಿದರೆ ನಷ್ಟ ಎಂದು ಮಿತಿ ಇಟ್ಟವರಿಗೆ ಆ ಕಾಡೆಲ್ಲ ಮಾಯ.

ತಾರೀಖು ನೋಡಿ ತೀರ್ಮಾನಿಸಬೇಡಿ, ಬೇಸ್‌ಲೈನ್ ಸಂಖ್ಯೆ ನೋಡಿ. ಹಳೆಯ ಚಿತ್ರಗಳನ್ನೂ ಹೊಸ ಬೇಸ್‌ಲೈನ್‌ನಲ್ಲಿ ಮರುಸಂಸ್ಕರಿಸಿದ್ದಾರೆ. ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಹೆಸರಿನ ಕೊನೆಗೆ "ಹಾರ್ಮೊನೈಸ್ಡ್" ಎಂದಿರುವ ಸಂಗ್ರಹ ತೆಗೆದುಕೊಂಡರೆ ಈ ಕೆಲಸ ಅಲ್ಲೇ ಆಗಿರುತ್ತದೆ. ಲ್ಯಾಂಡ್‌ಸ್ಯಾಟ್ ಕಲೆಕ್ಷನ್ 2ರಲ್ಲೂ ಇಂಥದ್ದೇ ಒಂದಿದೆ: ಬೆಲೆ × 0.0000275 − 0.2. ಭಾಗಾಕಾರ ತಾನೇ, ಗುಣಕ ಹೊಡೆದುಹೋಗುತ್ತದೆ ಎಂದು ಕಚ್ಚಾ ಬೆಲೆಯಲ್ಲೇ ಎನ್‌ಬಿಆರ್ ಮಾಡಬೇಡಿ. ಗುಣಕ ಹೊಡೆದುಹೋಗುತ್ತದೆ, ಕಳೆಯುವ 0.2 ಹೋಗುವುದಿಲ್ಲ.

ಚೂರುಗಳನ್ನು ಜರಡಿ ಹಿಡಿಯುವುದು

20 ಮೀಟರಿನ ಪಿಕ್ಸೆಲ್ 0.04 ಹೆಕ್ಟೇರ್. ಅರ್ಧ ಹೆಕ್ಟೇರಿಗಿಂತ ಚಿಕ್ಕ ಚೂರು ಬೇಡವೆಂದರೆ 13 ಪಿಕ್ಸೆಲ್‌ಗಿಂತ ಕಡಿಮೆ ಇರುವ ಗುಂಪುಗಳನ್ನು ತೆಗೆಯಬೇಕು. ಗುಂಪು ಕಟ್ಟುವಾಗ 4 ನೆರೆ ಅಲ್ಲ, 8 ನೆರೆ ಆರಿಸಿ. ಓರೆಯಾಗಿ ಸಾಗುವ ಒಂದು ಪಿಕ್ಸೆಲ್ ಅಗಲದ ದಾರಿಯಲ್ಲಿ ಪಿಕ್ಸೆಲ್‌ಗಳು ಮೂಲೆಗೆ ಮೂಲೆ ತಾಗಿರುತ್ತವೆ. 4 ನೆರೆಯಲ್ಲಿ ಅದು ಚೂರು ಚೂರಾಗಿ ಪೂರ್ತಿ ಜರಡಿಯಿಂದ ಸೋರಿಹೋಗುತ್ತದೆ. ಕಾಡಿನೊಳಗೆ ಮೊದಲು ಬರುವುದು ದಾರಿ, ಆಮೇಲೆ ಕಡಿತ. ಹಾಗಾಗಿ ಇದು ಸಣ್ಣ ನಷ್ಟವಲ್ಲ.

ಹೆಕ್ಟೇರ್ ಲೆಕ್ಕ: ನಿಜವಾದ ತೊಡಕು

ನಕ್ಷೆಯಲ್ಲಿ ಎರಡು ಬಗೆಯ ತಪ್ಪು ಇರುತ್ತದೆ: ನಷ್ಟವಿಲ್ಲದಲ್ಲಿ ನಷ್ಟ ತೋರಿಸುವುದು, ಇರುವ ನಷ್ಟವನ್ನು ಬಿಟ್ಟುಬಿಡುವುದು. ಒಂದಕ್ಕೊಂದು ಸರಿಹೋಗುತ್ತದೆ ಎಂದು ಅನ್ನಿಸುವುದು ಸಹಜ. ಸರಿಹೋಗುವುದಿಲ್ಲ, ಏಕೆಂದರೆ ನಷ್ಟದ ಜಾಗ ಪುಟ್ಟದು, ಉಳಿದ ಕಾಡು ಅಗಾಧ.

ಉದಾಹರಣೆಗೆ 1,00,000 ಹೆಕ್ಟೇರಿನ ಒಂದು ಅಭಯಾರಣ್ಯ ಇಟ್ಟುಕೊಳ್ಳಿ. ನಕ್ಷೆಯ ಪ್ರಕಾರ ನಷ್ಟ 1,000, ಉಳಿದದ್ದು 99,000. ಈ ಎರಡು ಭಾಗಗಳನ್ನು ಸ್ತರ ಎನ್ನೋಣ. ನಷ್ಟದ ಸ್ತರದಲ್ಲಿ 100 ಬಿಂದು, ಉಳಿದದ್ದರಲ್ಲಿ 300 ಬಿಂದು ಯಾದೃಚ್ಛಿಕವಾಗಿ ಇಟ್ಟು, ಒಂದೊಂದನ್ನೂ ಹೆಚ್ಚು ಸ್ಪಷ್ಟವಾದ ಚಿತ್ರದಲ್ಲಿ ಕಣ್ಣಾರೆ ನೋಡಿ ಗುರುತಿಸಿದಿರಿ. ಮೊದಲ ಸ್ತರದ 85 ನಿಜವಾಗಿ ನಷ್ಟ. ಎರಡನೆಯದರಲ್ಲಿ ಮೂರೇ ಮೂರು ಕಡೆ ನಕ್ಷೆ ತಪ್ಪಿಸಿಕೊಂಡ ನಷ್ಟ. ನೋಡಲು ಒಳ್ಳೆಯ ನಕ್ಷೆ.

ಈಗ ನನಗೆ ತುಂಬ ಇಷ್ಟವಾದ ಒಳದಾರಿ. ಸೂತ್ರಕ್ಕೆ ಕೈಹಾಕುವ ಮೊದಲು ಕೇಳಿಕೊಳ್ಳಿ: ಒಂದು ಬಿಂದು ಎಷ್ಟು ಹೆಕ್ಟೇರ್ ಹೊರುತ್ತಿದೆ? ಸ್ತರದ ವಿಸ್ತೀರ್ಣವನ್ನು ಬಿಂದುಗಳ ಸಂಖ್ಯೆಯಿಂದ ಭಾಗಿಸಿ. ಮೊದಲ ಸ್ತರದಲ್ಲಿ 10 ಹೆಕ್ಟೇರ್. ಎರಡನೆಯದರಲ್ಲಿ 330! ಆದ್ದರಿಂದ ನಷ್ಟ = 85 × 10 + 3 × 330 = 850 + 990 = 1,840 ಹೆಕ್ಟೇರ್. ನಕ್ಷೆ ಹೇಳಿದ್ದು 1,000. ಮೂರು ಬಿಂದುಗಳು 85 ಬಿಂದುಗಳಿಗಿಂತ ಭಾರವಾಗಿ ಕೂತಿವೆ.

ಇನ್ನು ದೋಷದ ಅಂಚು. ಪ್ರತಿ ಸ್ತರಕ್ಕೂ ಪಾಲಿನ ವರ್ಗ × ಪ್ರಮಾಣ × (1 − ಪ್ರಮಾಣ) ÷ (ಬಿಂದು − 1), ಎಲ್ಲ ಕೂಡಿಸಿ ವರ್ಗಮೂಲ. ಇಲ್ಲಿ "ಪಾಲು" ಎಂದರೆ ಇಡೀ ಅರಣ್ಯದಲ್ಲಿ ಆ ಸ್ತರದ ಭಾಗ (0.01 ಮತ್ತು 0.99), "ಪ್ರಮಾಣ" ಎಂದರೆ ಆ ಸ್ತರದ ಬಿಂದುಗಳಲ್ಲಿ ನಷ್ಟ ಕಂಡ ಭಾಗ (0.85 ಮತ್ತು 0.01). ಎರಡನ್ನೂ ಅದಲುಬದಲು ಮಾಡಿಕೊಳ್ಳುವುದು ಬಹಳ ಸುಲಭ, 0.01 ಎರಡೂ ಕಡೆ ಬಂದಿದೆ ನೋಡಿ. ಉತ್ತರ ಸುಮಾರು 0.0057, ಅಂದರೆ 571 ಹೆಕ್ಟೇರ್. 1.96ರಿಂದ ಗುಣಿಸಿದರೆ 1,840 ± 1,119. ಇಷ್ಟು ಅಗಲದ ಅಂಚಿಟ್ಟುಕೊಂಡು ಈ ವರ್ಷ ಕಳೆದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಹೇಳಲಾಗದು.

ಬಿಡಿಸಿಕೊಳ್ಳುವ ದಾರಿ ಮೂರನೆಯ ಸ್ತರ. ನಕ್ಷೆ ಬಿಟ್ಟ ನಷ್ಟ ಸಾಮಾನ್ಯವಾಗಿ ಕಂಡ ನಷ್ಟದ ಪಕ್ಕದಲ್ಲೇ ಇರುತ್ತದೆ: ಕಡಿತದ ಅಂಚು, ದಾರಿಯ ಬದಿ. ನಷ್ಟದ ಸುತ್ತ ಎರಡು ಮೂರು ಪಿಕ್ಸೆಲ್ ಪಟ್ಟಿಯನ್ನು ಬೇರೆ ಮಾಡಿ. ಅದು 4,000 ಹೆಕ್ಟೇರ್, 100 ಬಿಂದು, 6 ಕಡೆ ನಷ್ಟ ಎನ್ನಿ. ಒಳಗಾಡು 95,000, 200 ಬಿಂದು, ನಷ್ಟ 0. ಈಗ ಪಟ್ಟಿಯ ಒಂದು ಬಿಂದು ಹೊರುವುದು 40 ಹೆಕ್ಟೇರ್ ಮಾತ್ರ. 850 + 240 + 0 = 1,090, ಅಂಚು ± 200.

ಆದರೆ 200ಕ್ಕೆ 0 ಬಂದಲ್ಲಿ ಸೂತ್ರ ದೋಷವನ್ನೂ 0 ಎನ್ನುತ್ತದೆ. ಅದನ್ನು ನಂಬಬೇಡಿ. 3ನ್ನು ಬಿಂದುಗಳ ಸಂಖ್ಯೆಯಿಂದ ಭಾಗಿಸಿದರೆ 95 ಶೇಕಡದ ಮೇಲ್ಮಿತಿ ಹತ್ತಿರ ಹತ್ತಿರ ಸಿಗುತ್ತದೆ: 3 ÷ 200 ಅಂದರೆ 1.5 ಶೇಕಡ, 95,000ದಲ್ಲಿ 1,425 ಹೆಕ್ಟೇರ್. ಒಳಗಾಡಿನಲ್ಲಿ 600 ಬಿಂದು ನೋಡಿ ಆಗಲೂ 0 ಬಂದರೆ ಅದು 475ಕ್ಕೆ ಇಳಿಯುತ್ತದೆ. ಬೇಸರದ ಕೆಲಸವೇ, ಬೇರೆ ದಾರಿ ಇಲ್ಲ. ಬಿಂದು ಗುರುತಿಸುವವರಿಗೆ ಅದು ಯಾವ ಸ್ತರದ್ದೆಂದು ಕಾಣಿಸಬಾರದು. ಕಂಡರೆ ಕಣ್ಣು ನಕ್ಷೆಯ ಮಾತನ್ನೇ ಒಪ್ಪಿಬಿಡುತ್ತದೆ.

ಸಿದ್ಧ ಪದರ ಬಳಸುವವರಿಗೆ

ಹ್ಯಾನ್ಸನ್ ತಂಡ ಮಾಡಿಟ್ಟಿರುವ ಜಾಗತಿಕ ಮರನಷ್ಟದ ಪದರದಲ್ಲಿ (ಸಿದ್ಧ ನಕ್ಷೆಯಲ್ಲಿ) 5 ಮೀಟರಿಗಿಂತ ಎತ್ತರದ ಸಸ್ಯವೆಲ್ಲ ಮರ. ನೆಡುತೋಪಿನ ಕಟಾವು, ಬೆಂಕಿ, ಬಿರುಗಾಳಿ ಎಲ್ಲವೂ ಅಲ್ಲಿ ನಷ್ಟವೇ. 2011ರ ಹಿಂದು ಮುಂದಿನ ವರ್ಷಗಳನ್ನು ನೇರವಾಗಿ ಹೋಲಿಸಬೇಡಿ, ವಿಧಾನ ಬದಲಾಗಿದೆ. ಪಿಕ್ಸೆಲ್ 0.00025 ಡಿಗ್ರಿಯದು. "30 ಮೀಟರ್" ಎಂಬ ಮಾತು ನಂಬಿ 900 ಚದರ ಮೀಟರಿನಿಂದ ಗುಣಿಸಬೇಡಿ: ಸಮಭಾಜಕದ ಮೇಲೆ ಅದು ಸುಮಾರು 769 ಚದರ ಮೀಟರ್, 60 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 389. ಸಮವಿಸ್ತೀರ್ಣ ಪ್ರಕ್ಷೇಪಕ್ಕೆ ತಂದೋ, ಪಿಕ್ಸೆಲ್‌ವಾರು ವಿಸ್ತೀರ್ಣ ತೆಗೆದೋ ಕೂಡಿಸಿ.