ಲ್ಯಾಗ್‌ಗೆ ಕಾರಣ ವೇಗವಲ್ಲ, ಸರತಿ

100 ಎಂಬಿಪಿಎಸ್ ಸಂಪರ್ಕದಲ್ಲಿ ಆನ್‌ಲೈನ್ ಆಟ ತಡವರಿಸುತ್ತಿದೆ (ಲ್ಯಾಗ್) ಎಂದು 300 ಎಂಬಿಪಿಎಸ್‌ಗೆ ಏರಿಸಿಕೊಂಡರೂ ಮರುದಿನ ಅದೇ ಆಟ ಅದೇ ಜಾಗದಲ್ಲಿ ತಡವರಿಸುತ್ತದೆ. ಆಮೇಲೆ ಮಾಟ-ಮಂತ್ರದ ಸರದಿ. ‘ಗೇಮ್ ಬೂಸ್ಟರ್’ ಹಾಕಿಕೊಳ್ಳುವುದು, ಡಿಎನ್‌ಎಸ್ ಬದಲಿಸುವುದು, ವಿಡಿಯೊ ನೋಡಿ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ತಿದ್ದುವುದು. ವಿಂಡೋಸ್ ನಮ್ಮ ಬ್ಯಾಂಡ್‌ವಿಡ್ತ್‌ನಲ್ಲಿ ಶೇ 20ನ್ನು ಬಚ್ಚಿಟ್ಟುಕೊಳ್ಳುತ್ತದೆ ಎಂಬ ನಂಬಿಕೆ ಎಕ್ಸ್‌ಪಿ ಕಾಲದಿಂದ ನಡೆದುಬಂದಿದೆ. ಅದು ತಪ್ಪೆಂದು ಮೈಕ್ರೋಸಾಫ್ಟ್ ಆ ಕಾಲದಲ್ಲೇ ಸ್ಪಷ್ಟಪಡಿಸಿತ್ತು, ಆದರೂ ಅದನ್ನು ‘ಬಿಡಿಸುವ’ ವಿಧಾನ ಇಂದಿಗೂ ಕೈಯಿಂದ ಕೈಗೆ ದಾಟುತ್ತಿದೆ. ಡಿಎನ್‌ಎಸ್‌ನ ಕೆಲಸ ಸರ್ವರಿನ ವಿಳಾಸ ಹುಡುಕಿಕೊಡುವುದು. ಪಂದ್ಯ ಶುರುವಾಗುವ ಹೊತ್ತಿಗೆ ಅದು ಮುಗಿದಿರುತ್ತದೆ. ರಿಜಿಸ್ಟ್ರಿಯಲ್ಲಿ ಆಫ್ ಮಾಡಿಸುವ, ಚೂರುಪಾರು ಡೇಟಾವನ್ನು ಒಟ್ಟುಗೂಡಿಸಿ ಕಳಿಸುವ ನೇಗಲ್ ಕ್ರಮವನ್ನು ಜಾನ್ ನೇಗಲ್ 1984ರಲ್ಲಿ ರೂಪಿಸಿದ್ದು ಟಿಸಿಪಿಗಾಗಿ, ಅಂದರೆ ಕಳಿಸಿದ್ದೆಲ್ಲ ತಲುಪಿತೇ ಎಂದು ಖಚಿತಪಡಿಸಿಕೊಳ್ಳುವ ರವಾನೆ ವಿಧಾನಕ್ಕಾಗಿ. ಗುಂಡು ಹಾರಿಸುವ ಆಟಗಳ ಚಲನವಲನದ ಮಾಹಿತಿ ಹೋಗುವುದು ಸಾಮಾನ್ಯವಾಗಿ ಹಾಗೆ ಖಚಿತಪಡಿಸಿಕೊಳ್ಳಲು ಕಾಯದ ಯುಡಿಪಿ ವಿಧಾನದಲ್ಲಿ. ತಿದ್ದಿದ ಸಾಲು ಆಟವನ್ನು ಮುಟ್ಟುವುದೇ ಇಲ್ಲ.

ಇಂಥ ಆಟವೊಂದಕ್ಕೆ ಬೇಕಾಗುವ ಡೇಟಾ ತೀರಾ ಕಡಿಮೆ, 1 ಎಂಬಿಪಿಎಸ್ ಇದ್ದರೂ ಧಾರಾಳ. ಅದಕ್ಕೆ ಮುಖ್ಯವಾದದ್ದು ಡೇಟಾದ ಪ್ರತಿ ಪುಟ್ಟ ಪೊಟ್ಟಣ (ಪ್ಯಾಕೆಟ್) ಹೋಗಿಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು. ಅದನ್ನು ಅಳೆಯುವ ಪಿಂಗ್ ಎಂಬ ಪುಟ್ಟ ಪ್ರೋಗ್ರಾಮನ್ನು ಮೈಕ್ ಮೂಸ್ ಬರೆದದ್ದು 1983ರ ಡಿಸೆಂಬರಿನಲ್ಲಿ, ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ. ಹೆಸರು ಜಲಾಂತರ್ಗಾಮಿಗಳ ಸೋನಾರ್ ಸದ್ದಿನದು. ಇವತ್ತಿಗೂ ಅದಕ್ಕಿಂತ ಒಳ್ಳೆಯ ಮೊದಲ ಪರೀಕ್ಷೆ ಇಲ್ಲ.

ಹೋಗಿಬರುವ ಹೊತ್ತಿನಲ್ಲಿ ಒಂದು ಪಾಲು ನಮ್ಮ ಕೈಮೀರಿದ್ದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ, ಅಂದರೆ ಮಿಲಿಸೆಕೆಂಡಿಗೆ 200 ಕಿ.ಮೀ. ಬೆಂಗಳೂರಿನಿಂದ ಮುಂಬೈಗೆ ನೇರ ಗೆರೆ ಎಳೆದರೆ ಸುಮಾರು 840 ಕಿ.ಮೀ.; ಹೋಗಿಬರಲು ಕನಿಷ್ಠ 8 ಮಿಲಿಸೆಕೆಂಡು. ಸಿಂಗಪುರಕ್ಕೆ ಸುಮಾರು 3,200 ಕಿ.ಮೀ., ಕನಿಷ್ಠ 32. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲವಾದ್ದರಿಂದ ನಿಜದ ಅಂಕಿ ಇನ್ನೂ ಹೆಚ್ಚು. ವ್ಯಾಲರಂಟ್‌ಗೆ ಮುಂಬೈಯಲ್ಲಿ ಸರ್ವರ್ ಇದೆ, ಕೌಂಟರ್-ಸ್ಟ್ರೈಕ್‌ಗೆ ಮುಂಬೈ, ಚೆನ್ನೈ ಎರಡೂ ಕಡೆ ಇವೆ. ಆಟದ ಸೆಟ್ಟಿಂಗ್‌ನಲ್ಲಿ ಸರ್ವರ್ ಸಿಂಗಪುರಕ್ಕೆ ಜಾರಿದ್ದರೆ ಮೊದಲು ಅದನ್ನು ಸರಿಪಡಿಸಿ. ದೂರದ ವಿಷಯದಲ್ಲಿ ಮಾಡಬಹುದಾದದ್ದು ಅಷ್ಟೇ.

ಉಳಿದ ಪಾಲು ಸರತಿಯದು. ನೆಟ್‌ವರ್ಕಿನ ಲ್ಯಾಗ್ ಮತ್ತು ಪರದೆ ಅಡ್ಡಡ್ಡ ಹರಿದಂತೆ ಕಾಣುವ ಟೇರಿಂಗ್ ಪೂರ್ತಿ ಬೇರೆ ಬೇರೆ ಕಾಯಿಲೆಗಳು. ಟೇರಿಂಗ್‌ಗೂ ಇಂಟರ್ನೆಟ್ಟಿಗೂ ಯಾವ ಸಂಬಂಧವೂ ಇಲ್ಲ. ಆದರೆ ಲ್ಯಾಗ್‌ನ ಬೇರೂ, ಟೇರಿಂಗ್‌ಗೆಂದು ಕೊಡುವ ಔಷಧದ ಅಡ್ಡಪರಿಣಾಮವೂ ಒಂದೇ: ಸರತಿ. ಎರಡಕ್ಕೂ ಮದ್ದು ಕೂಡ ಒಂದೇ.

ಮೊದಲು ಯಾವ ಕಾಯಿಲೆಯೆಂದು ಗೊತ್ತುಮಾಡಿಕೊಳ್ಳಬೇಕು. ಆಫ್‌ಲೈನ್ ಅಭ್ಯಾಸದಲ್ಲೂ ಆಟ ತಡವರಿಸಿದರೆ ನೆಟ್‌ವರ್ಕನ್ನು ಬಿಟ್ಟುಬಿಡಿ. ಅಲ್ಲಿ ಸರಾಗವಾಗಿದ್ದು ಪಂದ್ಯದಲ್ಲಿ ಮಾತ್ರ ಎದುರಾಳಿ ಜಿಗಿಜಿಗಿದು ಓಡಿದರೆ ಕಮಾಂಡ್ ಪ್ರಾಂಪ್ಟ್ ತೆರೆದು ರೌಟರಿಗೆ ಪಿಂಗ್ ಹಾಕಿ (ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1). ಕೊನೆಯಲ್ಲಿ ಹೈಫನ್ ಮತ್ತು ಇಂಗ್ಲಿಷಿನ ‘ಟಿ’ ಸೇರಿಸಿದರೆ ನಿಲ್ಲಿಸುವವರೆಗೂ ಎಣಿಸುತ್ತಲೇ ಇರುತ್ತದೆ. ತಂತಿಯಲ್ಲಿ 1 ಮಿಲಿಸೆಕೆಂಡು ಮೀರಬಾರದು. ವೈ-ಫೈನಲ್ಲಿ 2–5ರ ನಡುವೆ ಇದ್ದು ಆಗಾಗ 80, 150 ಎಂದು ಚಿಮ್ಮಿದರೆ ಸಮಸ್ಯೆ ನಿಮ್ಮ ಮನೆಯೊಳಗೇ ಇದೆ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಂದೇ ಸಾಧನ ಮಾತಾಡಬಹುದು. ಪಕ್ಕದ ಮನೆಯ ರೌಟರ್ ಅದೇ ಚಾನೆಲ್ಲಿನಲ್ಲಿದ್ದರೆ ನಿಮ್ಮದು ಕಾಯುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮಾತ್ರ, ಮೈಕ್ರೋವೇವ್ ಒಲೆ ಸೋರುವುದೂ ಅಲ್ಲಿಯೇ. 5 ಗಿಗಾಹರ್ಟ್ಸ್‌ಗೆ ಬದಲಿಸಿ, ಸಾಧ್ಯವಾದರೆ ಕ್ಯಾಟ್ 5ಇ ತಂತಿಯನ್ನೇ ಎಳೆಯಿರಿ. 100 ಮೀಟರ್‌ವರೆಗೆ 1 ಗಿಗಾಬಿಟ್ ಸಾಗಿಸುವ ಈ ತಂತಿಯ ಮುಂದೆ ದುಬಾರಿ ಗೇಮಿಂಗ್ ರೌಟರ್ ಏನೂ ಅಲ್ಲ.

ಪಿಂಗ್ ಸದಾ 60ರಲ್ಲಿ ನಿಂತಿದ್ದರೆ ಆಟವೇ ಅದನ್ನು ನಿಭಾಯಿಸುತ್ತದೆ. 1996ರಲ್ಲಿ ಆಟಗಳ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಕ್ವೇಕ್‌ವರ್ಲ್ಡ್ ಎಂಬ ಆಟದಲ್ಲಿ ತಂದ ಕ್ರಮದಿಂದಾಗಿ ಸರ್ವರಿನ ಉತ್ತರಕ್ಕೆ ಕಾಯದೆ ನಿಮ್ಮ ಹೆಜ್ಜೆಯನ್ನು ನಿಮ್ಮ ಕಂಪ್ಯೂಟರೇ ಊಹಿಸಿ ತೋರಿಸುತ್ತದೆ. ನೀವು ಗುಂಡು ಹಾರಿಸಿದಾಗ ಸರ್ವರ್ ಕಾಲವನ್ನು ತುಸು ಹಿಂದಕ್ಕೆ ಸರಿಸಿ, ನಿಮ್ಮ ಕಣ್ಣಿಗೆ ಎದುರಾಳಿ ಎಲ್ಲಿ ಕಂಡಿದ್ದನೋ ಅಲ್ಲಿ ಗುರಿ ತಾಗಿತೇ ಎಂದು ನೋಡುತ್ತದೆ. ಗೋಡೆಯ ಮರೆಗೆ ಬಂದಮೇಲೂ ಸತ್ತೆ ಎಂದು ಅನಿಸುವುದು ಇದರಿಂದ. ಎದುರಾಳಿ ಮೋಸ ಮಾಡಿದನೆಂದು ಕೂಗಾಡುವ ಮೊದಲು ಇದು ತಿಳಿದಿರಲಿ. ಪಿಂಗ್ 20ರಿಂದ 300ಕ್ಕೆ ಹಾರಿ ಮತ್ತೆ ಇಳಿಯತೊಡಗಿದರೆ ಮಾತ್ರ ಯಾವ ಊಹೆಯೂ ನಿಲ್ಲುವುದಿಲ್ಲ.

ಆ ಹಾರಾಟವನ್ನು ಹಿಡಿಯಲು ಗೂಗಲ್‌ನ ಡಿಎನ್‌ಎಸ್ ಸರ್ವರ್ 8.8.8.8ಕ್ಕೆ ಪಿಂಗ್ ಹಾಕಿಟ್ಟು, ಅದೇ ಸಮಯಕ್ಕೆ ದೊಡ್ಡ ವಿಡಿಯೊ ಕಡತವೊಂದನ್ನು ಅಪ್‌ಲೋಡ್ ಮಾಡಿ. 20 ಇದ್ದದ್ದು 25 ಆದರೆ ಚಿಂತೆಯಿಲ್ಲ. 300 ಆದರೆ ಅದು ಬಫರ್‌ಬ್ಲೋಟ್, ಅಂದರೆ ಪೊಟ್ಟಣಗಳು ಕಾದುನಿಲ್ಲುವ ಜಾಗವಾದ ಬಫರ್ ಊದಿಕೊಂಡಿರುವುದು.

ಇದರ ಬೇರು ಹಳೆಯದು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಅಲ್ಲಿಂದ ಬರೀ 400 ಗಜ ದೂರದ ವಿಶ್ವವಿದ್ಯಾಲಯದ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ಸಾಗಿಸುತ್ತಿದ್ದ ಸಂಪರ್ಕ 40 ಬಿಟ್‌ಗೆ ಕುಸಿಯಿತು. 40 ಸಾವಿರ ಅಲ್ಲ, 40. ಎಲ್ಲ ಕಂಪ್ಯೂಟರ್‌ಗಳೂ ಬಿಡುವಿಲ್ಲದೆ ಪೊಟ್ಟಣ ತುಂಬುತ್ತಿದ್ದವು. ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದ ಮೇಲೆ ಇಂಟರ್ನೆಟ್ ಇಂದಿಗೂ ನಿಂತಿದೆ: ಪೊಟ್ಟಣ ಕಳೆದುಹೋಯಿತೇ, ದಾರಿ ತುಂಬಿದೆ ಎಂದು ತಿಳಿದು ಕಳಿಸುವವನು ವೇಗ ತಗ್ಗಿಸಬೇಕು. ಅಂದರೆ ಪೊಟ್ಟಣ ಕಳೆದುಹೋಗುವುದು ದೋಷವಲ್ಲ, ಅದೊಂದು ಸಂದೇಶ. ಮುಂದೆ ಮೆಮೊರಿ ಅಗ್ಗವಾಯಿತು. ಒಂದು ಪೊಟ್ಟಣವೂ ಕಳೆಯದಿರಲಿ ಎಂಬ ಸದುದ್ದೇಶದಿಂದ ರೌಟರ್, ಮೋಡೆಮ್ ಮಾಡುವವರು ಬಫರ್‌ಗಳನ್ನು ಹಿಗ್ಗಿಸಿದರು. ಸಂದೇಶ ಹೊತ್ತಿಗೆ ಸರಿಯಾಗಿ ತಲುಪುವುದು ನಿಂತಿತು, ಕಳಿಸುವವನು ಸುರಿಯುತ್ತಲೇ ಹೋದ.

ಲಕ್ಷದೀಪೋತ್ಸವದ ದಿನ ಧರ್ಮಸ್ಥಳದಲ್ಲಿ ಸರತಿಯವರಿಗಾಗಿ ಇನ್ನೆರಡು ಮಂಟಪ ಕಟ್ಟಿಸಿದರೆ ನೆರಳು ಹೆಚ್ಚೀತು, ದರ್ಶನ ಬೇಗ ಆಗದು. ಹತ್ತು ಬಸ್ಸಿನ ಜನದ ಹಿಂದೆ ಒಂದೇ ಹೂವು ಹಿಡಿದು ನಿಂತವನೂ ಅವರೆಲ್ಲ ಮುಗಿಯುವವರೆಗೆ ನಿಲ್ಲಲೇಬೇಕು. ನಿಮ್ಮ ಆಟದ ಪುಟ್ಟ ಪೊಟ್ಟಣ ಆ ಹೂವಿನವನು. 10 ಎಂಬಿಪಿಎಸ್ ಅಪ್‌ಲೋಡ್ ಇರುವಲ್ಲಿ 512 ಕಿಲೋಬೈಟ್ ಬಫರ್ ತುಂಬಿದ್ದರೆ ಅದು ಖಾಲಿಯಾಗಲು ಸುಮಾರು 420 ಮಿಲಿಸೆಕೆಂಡು ಬೇಕು. ಮುಂಬೈಗೆ ಹೋಗಿಬರುವ ಬೆಳಕಿಗಿಂತ ಐವತ್ತು ಪಟ್ಟು ಹೆಚ್ಚು ಹೊತ್ತು, ನಿಮ್ಮ ಮನೆಯ ಪೆಟ್ಟಿಗೆಯೊಳಗೇ!

ಯುನಿಕ್ಸ್ ಕಂಪ್ಯೂಟರ್‌ಗಳ ಪರದೆಯಲ್ಲಿ ಕಿಟಕಿಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಜಿಮ್ ಗೆಟ್ಟಿಸ್ ತಮ್ಮ ಮನೆಯಿಂದ ದೊಡ್ಡ ಕಡತ ಕಳಿಸುವಾಗ ವಿಳಂಬ ಸೆಕೆಂಡು ಮೀರುವುದನ್ನು ಕಂಡು 2010ರಲ್ಲಿ ಇದನ್ನು ಬೆನ್ನಟ್ಟಿದರು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ಕ್ರಮ ಕೊಟ್ಟರು. ಅದರ ಜಾಣತನ ನನಗೆ ಬಹಳ ಇಷ್ಟ. ಸರತಿ ಎಷ್ಟು ಉದ್ದವಿದೆ ಎಂದು ಅದು ನೋಡುವುದೇ ಇಲ್ಲ, ಪೊಟ್ಟಣ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡು ಮೀರಿ 100 ಮಿಲಿಸೆಕೆಂಡು ಕಾಲ ಹಾಗೇ ಉಳಿದರೆ ಪೊಟ್ಟಣವೊಂದನ್ನು ಬೇಕೆಂದೇ ಬೀಳಿಸುತ್ತದೆ. ಮರೆತಿದ್ದ ಸಂದೇಶ ಮತ್ತೆ ತಲುಪುತ್ತದೆ. ಇದರ ನಂತರ ಬಂದ ಎಫ್‌ಕ್ಯೂ-ಕೋಡೆಲ್ ಮತ್ತು ಕೇಕ್, ಹೂವಿನವನಿಗೆ ಬೇರೆ ಸಾಲನ್ನೇ ಮಾಡಿಕೊಡುತ್ತವೆ.

ಇದನ್ನು ಮನೆಯಲ್ಲಿ ಅಳವಡಿಸಲು ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಬಹುದಾದ ರೌಟರ್ ಸಾಕು. ಸರತಿ ನಿಭಾಯಿಸುವ ಎಸ್‌ಕ್ಯೂಎಂ ಪ್ಯಾಕೇಜ್ ಸೇರಿಸಿ, ಕೇಕ್ ಆಯ್ದು, ಅಪ್‌ಲೋಡ್ ಮತ್ತು ಡೌನ್‌ಲೋಡ್ ವೇಗ ತುಂಬಿ. ಇಲ್ಲೇ ಹಲವರು ಎಡವುವುದು. ಅಳೆದಾಗ 50 ಎಂಬಿಪಿಎಸ್ ಬಂದಿದ್ದರೆ 50 ಎಂದೇ ಬರೆಯುತ್ತಾರೆ, ಏನೂ ಬದಲಾಗುವುದಿಲ್ಲ. 45 ಎಂದು ಬರೆಯಬೇಕು, ಅಳತೆಯ ಶೇ 90. ದಾರಿಯ ಅತಿ ಕಿರಿದಾದ ಜಾಗದಲ್ಲೇ ಸರತಿ ಬೆಳೆಯುವುದು. ಅದು ಇಂಟರ್ನೆಟ್ ಕಂಪನಿಯ ಪೆಟ್ಟಿಗೆಯಲ್ಲಿದ್ದರೆ ನಿಮ್ಮ ಕೇಕ್‌ಗೆ ಅಲ್ಲಿ ಅಧಿಕಾರವಿಲ್ಲ. ತುಸು ಕಡಿಮೆಗೆ ಕಟ್ಟಿಹಾಕಿದರೆ ಸರತಿ ನಿಮ್ಮ ರೌಟರಿಗೆ ಬರುತ್ತದೆ, ಅಲ್ಲಿ ಯಜಮಾನಿಕೆ ನಿಮ್ಮದು. ಹಳೆಯ ರೌಟರ್‌ಗಳ ಪ್ರೊಸೆಸರ್‌ಗೆ 200 ಎಂಬಿಪಿಎಸ್‌ನಷ್ಟು ವೇಗದಲ್ಲಿ ಇದನ್ನು ಮಾಡುವ ಶಕ್ತಿ ಇರುವುದಿಲ್ಲ. ಆಗ ಅಪ್‌ಲೋಡಿಗಷ್ಟೇ ಹಾಕಿ. ರೌಟರ್ ಬದಲಿಸಲಾಗದವರು ಕ್ಲೌಡ್ ಬ್ಯಾಕಪ್, ಟೊರೆಂಟ್‌ಗಳ ಅಪ್‌ಲೋಡ್ ಮಿತಿಯನ್ನು ಶೇ 70–80ಕ್ಕೆ ಇಳಿಸಿದರೂ ಬಹುಪಾಲು ಗೆದ್ದಂತೆ.

ಈಗ ಪರದೆ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬರೆಯುತ್ತದೆ. ಎಲೆಕ್ಟ್ರಾನ್ ಕಿರಣ ಗಾಜಿನ ಕೊಳವೆಯೊಳಗೆ ಓಡುತ್ತಿದ್ದ ಕಾಲದ ಪದ್ಧತಿ ಇದು, ಎಲ್‌ಸಿಡಿಗೂ ಹಾಗೇ ಇಳಿದುಬಂದಿದೆ. ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 90 ಫ್ರೇಮ್ ಕೊಡುತ್ತಿದ್ದರೆ ಪ್ರತಿ 11.1 ಮಿಲಿಸೆಕೆಂಡಿಗೆ ಹೊಸ ಚಿತ್ರ ಸಿದ್ಧ. ಎರಡೂ ಒಟ್ಟಿಗೆ ಹೊರಟವೆಂದುಕೊಳ್ಳಿ. ಪರದೆ ಮೂರರಲ್ಲಿ ಎರಡು ಪಾಲು ಬರೆದಿರುವಾಗ ಚಿತ್ರ ಬದಲಾಗುತ್ತದೆ, 1080 ಗೆರೆಗಳಲ್ಲಿ 720ರ ಸುಮಾರಿಗೆ ಹರಿದಂತೆ ಕಾಣುತ್ತದೆ. ಮುಂದಿನ ಸುತ್ತಿನಲ್ಲಿ 360ರ ಸುಮಾರಿಗೆ. ನೀವು ವೇಗವಾಗಿ ತಿರುಗಿದಾಗ ಕಂಬ ಮುರಿದು ಪಕ್ಕಕ್ಕೆ ಸರಿದಂತೆ ಕಾಣುವುದು ಈ ಎರಡು ಕ್ಷಣಗಳ ಅಂಟಿಕೆಯಿಂದ.

ಇದಕ್ಕೆ ಕೊಡುವ ಔಷಧ ವಿ-ಸಿಂಕ್ ಎಂಬ ಸೆಟ್ಟಿಂಗ್. ಅದನ್ನು ಆನ್ ಮಾಡಿದರೆ ಪರದೆ ಒಂದು ಸುತ್ತು ಮುಗಿಸುವವರೆಗೆ ಹೊಸ ಚಿತ್ರ ಕಾಯುತ್ತದೆ. ಹರಿಯುವುದು ನಿಲ್ಲುತ್ತದೆ, ಮೌಸ್ ಭಾರವಾಗುತ್ತದೆ. ಕಾರಣ ಮತ್ತೆ ಸರತಿ. ಕಾರ್ಡಿನ ಬಾಗಿಲು ಕಟ್ಟಿಕೊಂಡಾಗ ಪ್ರೊಸೆಸರ್ ಮುಂದಿನ ಫ್ರೇಮ್‌ಗಳನ್ನು ಪೇರಿಸುತ್ತಾ ಹೋಗುತ್ತದೆ. ವಿಂಡೋಸ್‌ನಲ್ಲಿ ಆಟಗಳ ಚಿತ್ರ ಮೂಡಿಸುವ ಡೈರೆಕ್ಟ್‌ಎಕ್ಸ್ ರೂಢಿಯಲ್ಲಿ ಮೂರರವರೆಗೆ ಬಿಡುತ್ತದೆ. 60 ಹರ್ಟ್ಸ್‌ನಲ್ಲಿ ಮೂರು ಫ್ರೇಮ್ ಅಂದರೆ 50 ಮಿಲಿಸೆಕೆಂಡು. ಸಿಂಗಪುರಕ್ಕೆ ಬೆಳಕು ಹೋಗಿಬಂದರೂ ಇನ್ನೂ ಹೊತ್ತು ಉಳಿಯುತ್ತದೆ, ಆದರೂ ಬೈಗುಳ ತಿನ್ನುವುದು ಇಂಟರ್ನೆಟ್ ಕಂಪನಿ.

ಎನ್‌ವಿಡಿಯಾ 2013ರಲ್ಲಿ ಘೋಷಿಸಿದ ಜಿ-ಸಿಂಕ್, ಬೆನ್ನಲ್ಲೇ ಎಎಂಡಿ ತಂದ ಫ್ರೀಸಿಂಕ್ ಕ್ರಮವನ್ನೇ ತಿರುಗಿಸಿದವು: ಚಿತ್ರ ಪರದೆಗೆ ಕಾಯುವ ಬದಲು ಪರದೆಯೇ ಚಿತ್ರಕ್ಕೆ ಕಾಯುತ್ತದೆ. ಆದರೆ 144 ಹರ್ಟ್ಸ್ ಪರದೆ 144ಕ್ಕಿಂತ ವೇಗವಾಗಿ ಓಡಲಾರದು. ಕಾರ್ಡ್ ಆ ಗಡಿ ಮುಟ್ಟಿದ ಕೂಡಲೇ ಹಳೆಯ ವಿ-ಸಿಂಕ್ ಸರತಿ ಮರಳುತ್ತದೆ. ಹಾಗಾಗಿ ಫ್ರೇಮ್ ಮಿತಿಯನ್ನು 141ಕ್ಕೆ ಕಟ್ಟಬೇಕು. ರೌಟರಿನಲ್ಲಿ 50ರ ಬದಲು 45 ಬರೆದದ್ದು ಮತ್ತು ಇಲ್ಲಿ 144ರ ಬದಲು 141 ಬರೆಯುವುದು ಒಂದೇ ಕೆಲಸ. ಗಡಿಗೆ ತುಸು ಹಿಂದೆ ನಿಂತರೆ ಸರತಿ ನಿಮ್ಮ ಹತೋಟಿ ಮೀರಿ ಬೆಳೆಯುವುದಿಲ್ಲ.

ಎನ್‌ವಿಡಿಯಾ ಕಾರ್ಡಿನಲ್ಲಿ ಕ್ರಮ ಹೀಗೆ. ಮಾನಿಟರಿನ ಸ್ವಂತ ಮೆನುವಿನಲ್ಲಿ ಅಡಾಪ್ಟಿವ್ ಸಿಂಕ್ ಆನ್, ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಜಿ-ಸಿಂಕ್ ಆನ್, ಅಲ್ಲೇ ವರ್ಟಿಕಲ್ ಸಿಂಕ್ (ವಿ-ಸಿಂಕ್) ಆನ್, ಮ್ಯಾಕ್ಸ್ ಫ್ರೇಮ್ ರೇಟ್ 141, ಆಟದೊಳಗಿನ ವಿ-ಸಿಂಕ್ ಮಾತ್ರ ಆಫ್. ಆಟದಲ್ಲಿ ವಿಳಂಬ ತಗ್ಗಿಸುವ ಎನ್‌ವಿಡಿಯಾದ ರಿಫ್ಲೆಕ್ಸ್ ಸೆಟ್ಟಿಂಗ್ ಇದ್ದರೆ ಅದನ್ನೂ ಹಚ್ಚಿ, ಅದು ತಾನಾಗಿಯೇ 138ರ ಆಸುಪಾಸಿಗೆ ಕಟ್ಟುತ್ತದೆ. ಇಷ್ಟೆಲ್ಲ ಮಾಡಿಯೂ ಹರಿಯುತ್ತಿದ್ದರೆ ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದು ನೋಡಿ: ಹಣ ಕೊಟ್ಟು ತಂದ 144 ಹರ್ಟ್ಸ್ ಪರದೆ 60ರಲ್ಲೇ ಓಡುತ್ತಿರುವುದು ಬಹಳ ಸಾಮಾನ್ಯ. ಕೇಬಲ್ ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಸಿಕ್ಕಿಕೊಂಡಿರುವುದೂ ಅಷ್ಟೇ ಸಾಮಾನ್ಯ.

ಹಳೆಯ 60 ಹರ್ಟ್ಸ್ ಪರದೆಯವರಿಗೂ ದಾರಿಯಿದೆ. ಪರದೆಯ ನಿಖರ ಅಂಕಿ ಅಳೆದು, ಉದಾಹರಣೆಗೆ 59.95 ಬಂದರೆ, ವಿ-ಸಿಂಕ್ ಆನ್ ಇಟ್ಟು, ಫ್ರೇಮ್ ಮಿತಿ ಕಟ್ಟುವ ರಿವಾಟ್ಯೂನರ್ ಪ್ರೋಗ್ರಾಮಿನಲ್ಲಿ ಮಿತಿಯನ್ನು 59.94ಕ್ಕೆ ಕಟ್ಟಿ. ಸುಮಾರು ನೂರು ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಮೂಡಿ ಸಣ್ಣ ತೊಡರು ಕಾಣಬಹುದು, ಆದರೆ ಮೌಸಿನ ಭಾರ ಇಳಿಯುತ್ತದೆ. ಕಾರ್ಡಿಗೆ 60 ಫ್ರೇಮ್ ಕೊಡುವ ಶಕ್ತಿ ಸದಾ ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಆಗಾಗ 55ಕ್ಕೆ ಬೀಳುತ್ತಿದ್ದರೆ ಮೊದಲು ನೆರಳು ಮತ್ತು ಪ್ರತಿಫಲನದ ಗುಣಮಟ್ಟ ಇಳಿಸಿ, ಮಿತಿಯ ವಿಚಾರ ಆಮೇಲೆ.