ಗಂಜಿ ತೆಳಿ ಮತ್ತು ಕಲ್ಕತ್ತೆಯ ಡಾಕ್ಟರು

ಮಳೆಗಾಲ ಶುರುವಾದರೆ ಕುಮಟಾ, ಅಂಕೋಲಾ ಕಡೆ ಬಾವಿ ನೀರು ಕೆಂಪಾಗುತ್ತದೆ. ಹಿಂದೆಯೇ ಮಕ್ಕಳ ವಾಂತಿ-ಭೇದಿ ಬರುತ್ತದೆ. ಆಶಾ ಕಾರ್ಯಕರ್ತೆ ಕೊಡೆ ಮಡಚಿ ಜಗಲಿ ಮೂಲೆಗಿಟ್ಟು, ಚೀಲದಿಂದ ಓಆರ್‌ಎಸ್ (ನೀರಿಗೆ ಕಲಸಿ ಕುಡಿಸುವ ಉಪ್ಪು-ಸಿಹಿ ಪುಡಿ) ಪೊಟ್ಟಣ, ಝಿಂಕ್ ಮಾತ್ರೆ ತೆಗೆಯುತ್ತಾರೆ. "ಇಡೀ ಪೊಟ್ಟಣ ಒಂದು ಲೀಟರ್ ನೀರಿಗೆ ಹಾಕಿ ಅಕ್ಕಾ. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸ್ಬೇಡಿ."

ಈ ಪೊಟ್ಟಣ ನಮ್ಮ ಜಗಲಿವರೆಗೆ ಸುಮ್ನೆ ಬಂದದ್ದಲ್ಲ.

ನಾನು ಚಿಕ್ಕವನಿದ್ದಾಗ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಲಂಘನಂ ಪರಮೌಷಧಂ. ಹೊಟ್ಟೆ ಕೆಟ್ಟ ಮಗುವಿಗೆ ನೀರೂ ಕೊಡಬಾರದು, ಕುಡಿದದ್ದೆಲ್ಲ ಹೊರಗೇ ಹೋಗುತ್ತದಲ್ಲ ಎನ್ನುವುದು ಹಿರಿಯರ ಲೆಕ್ಕ. ನಮ್ಮ ಅಜ್ಜಿ ಮಾತ್ರ ಕೇಳುತ್ತಿರಲಿಲ್ಲ. ಕುಚ್ಚಲಕ್ಕಿ ಗಂಜಿಯ ತೆಳಿಗೆ ಎರಡು ಹರಳು ಉಪ್ಪು ಹಾಕಿ, ಆರಿಸಿ, ಚಮಚದಲ್ಲಿ ಕುಡಿಸುತ್ತಿದ್ದಳು.

ಆ ಕಾಲದ ಆಸ್ಪತ್ರೆಗಳಲ್ಲಿ ನಂಬಿಕೆ ಇದ್ದದ್ದು ಸೂಜಿ ಮೇಲೆ, ಅಂದರೆ ಸಲೈನ್ ಮೇಲೆ. 1953ರಲ್ಲೇ ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿ ಕಾಲರಾ ರೋಗಿಗಳಿಗೆ ಬಾಯಿಂದಲೇ ಉಪ್ಪು-ಸಕ್ಕರೆ ನೀರು ಕೊಟ್ಟು ಬರೆದಿದ್ದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಇದರ ಗುಟ್ಟು ಹೇಳಿದರು: ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಒಂದೇ ಬಾಗಿಲಿಂದ ಜೋಡಿಯಾಗಿ ಒಳಗೆ ಹೋಗುತ್ತವೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಕಾಲರಾ ಬಂದರೂ ಆ ಬಾಗಿಲು ಮುಚ್ಚುವುದಿಲ್ಲ. ಬರೀ ಉಪ್ಪುನೀರು ಸಾಲದು, ಜೊತೆಗೆ ಸಿಹಿ ಬೇಕು ಅನ್ನುವುದು ಇದಕ್ಕೇ.

ಇದನ್ನು ಜನರ ಕೈಗೆ ಕೊಟ್ಟವರಲ್ಲಿ ಮುಖ್ಯರು ದಿಲೀಪ್ ಮಹಾಲನಬಿಸ್. 1934ರಲ್ಲಿ ಹುಟ್ಟಿದ ಮಕ್ಕಳ ಡಾಕ್ಟರು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಲಕ್ಷಗಟ್ಟಲೆ ಗಡಿ ದಾಟಿ ಬಂದಾಗ ಅವರು ಬಂಗಾಳದ ಬನ್‌ಗಾಂವ್‌ನಲ್ಲಿ ಇದ್ದರು. ಎರಡು ಕೋಣೆ, ನೆಲದ ತುಂಬ ಕಾಲರಾ ರೋಗಿಗಳು. ಸಲೈನ್ ಮುಗಿಯುತ್ತಾ ಬಂದಿತ್ತು, ಅದನ್ನು ಏರಿಸಲು ಬಲ್ಲವರೂ ಕಡಿಮೆ. ಕಲ್ಕತ್ತೆಯ ತಮ್ಮ ಸಂಶೋಧನಾ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲೇ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ತೂಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿದರು. ಬಾಯಿ ಅಂಟಿಸಿದ್ದು ಕಾದ ಇಸ್ತ್ರಿ ಪೆಟ್ಟಿಗೆಯಿಂದ! ಶಿಬಿರದಲ್ಲಿ ಆ ಪುಡಿಯನ್ನು ಡ್ರಮ್ಮಿನಲ್ಲಿ ಕಲಸಿಟ್ಟು, ಜೊತೆಗೆ ಬಂದ ತಾಯಿ, ಅಣ್ಣ, ಅತ್ತೆ ಯಾರಿದ್ದರೋ ಅವರಿಗೇ ಕುಡಿಸಲು ಹೇಳಿದರು. ಜನ ನಂಬಬೇಕಲ್ಲ? ಅದಕ್ಕೆ 'ಬಾಯಿಂದ ಕುಡಿಯುವ ಸಲೈನ್' ಎಂದು ಕರೆದರು.

ಎಂಟು ವಾರಗಳಲ್ಲಿ ಸುಮಾರು 3,700 ರೋಗಿಗಳು. ಸಾವಿನ ಪ್ರಮಾಣ ಶೇ. 30ರ ಹತ್ತಿರ ಇದ್ದದ್ದು ಶೇ. 3.6ಕ್ಕೆ ಇಳಿಯಿತು. ಪಾಕವಿಧಾನ ಮೊದಲೇ ಗೊತ್ತಿದ್ದದ್ದೇ. ತಾಯಿ ಕೈಗೆ ಮದ್ದು ಕೊಟ್ಟರೆ ಅವಳು ಸರಿಯಾಗಿ ಕುಡಿಸುತ್ತಾಳೆ ಎಂದು ನಂಬಿದ್ದೇ ಇಲ್ಲಿ ಹೊಸದು ಅಂತ ನನಗನ್ನಿಸುತ್ತದೆ. ಡಾಕ್ಟರುಗಳಿಗೆ ಅದನ್ನು ನಂಬಲು ಹೆಚ್ಚು ಹೊತ್ತು ಬೇಕಾಯಿತು. ಮಹಾಲನಬಿಸ್ ಅವರ ವರದಿ ಅಚ್ಚಾದದ್ದು 1973ರಲ್ಲಿ. 1978ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯೇ ಈ ಚಿಕಿತ್ಸೆಯ ಹಿಂದಿನ ಶೋಧವನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಲ್ಲದು ಎಂದು ಬರೆಯಿತು.

ಇಷ್ಟಕ್ಕೆ ಕತೆ ಮುಗಿಯಲಿಲ್ಲ. ನೀರು ಕೊಟ್ಟರೆ ಮಗು ಉಳಿಯುತ್ತದೆ, ಆದರೆ ಸೊರಗಿದ್ದು ಸೊರಗಿಯೇ ಇರುತ್ತದೆ. ಸೊರಗಿದ ಮಗುವಿಗೆ ಮತ್ತೆ ಭೇದಿ, ಭೇದಿಯಾದರೆ ಮತ್ತಷ್ಟು ಸೊರಗು. ಮಹಾಲನಬಿಸ್ ಆಮೇಲೆ ಈ ಕಡೆಯೂ ತಿರುಗಿದರು. ಢಾಕಾದಲ್ಲಿ ಭೇದಿಯಾಗಿ ಬಂದ ಮಕ್ಕಳನ್ನು ನೋಡಿ, ಮೂರನೇ ವರ್ಷದವರೆಗೂ ಎದೆಹಾಲು ಕುಡಿಯುವವರಲ್ಲಿ ಎ ಜೀವಸತ್ವದ ಕೊರತೆ ಕಡಿಮೆ ಎಂದು 1991ರಲ್ಲಿ ಬರೆದರು. ಕಲ್ಕತ್ತೆಗೆ ವಾಪಸಾದ ಮೇಲೆ ಜೋರು ನ್ಯುಮೋನಿಯಾ ಆದ ಮಕ್ಕಳಿಗೆ ಝಿಂಕ್, ಎ ಜೀವಸತ್ವ ಕೊಟ್ಟು ಪರೀಕ್ಷಿಸಿದರು. 2002ರಲ್ಲಿ ಓಆರ್‌ಎಸ್‌ನ ಉಪ್ಪು-ಸಿಹಿ ಎರಡನ್ನೂ ಇಳಿಸಲಾಯಿತು. 2004ರಿಂದ ಭೇದಿಯಾದ ಮಕ್ಕಳಿಗೆ 10ರಿಂದ 14 ದಿನ ಝಿಂಕ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತಿದೆ. ಭೇದಿ ಇದ್ದಾಗ ಹಾಲು, ಗಂಜಿ ನಿಲ್ಲಿಸಬೇಡಿ ಎನ್ನುವುದೂ ಈಗ ವೈದ್ಯರದೇ ಮಾತು. ಲಂಘನದ ಮಾತು ಎಲ್ಲಿಗೆ ಬಂತು ನೋಡಿ.

ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ. ಇದ್ದಾಗಲೇ ಕೊಡಬಹುದಿತ್ತು, ಅಲ್ವಾ?

ಹಾಗಾದರೆ ಅಜ್ಜಿಯ ತೆಳಿ? ಅಕ್ಕಿಯ ಪಿಷ್ಟ ಕರುಳಲ್ಲಿ ನಿಧಾನಕ್ಕೆ ಗ್ಲೂಕೋಸ್ ಆಗುತ್ತದೆ, ಬಾಗಿಲು ಅದೇ. 80ರ ದಶಕದಲ್ಲಿ ಢಾಕಾದವರು ಸಕ್ಕರೆ ಬದಲು ಅಕ್ಕಿ ಹಿಟ್ಟು ಬೇಯಿಸಿ ನೋಡಿದ್ದಾರೆ, ಕಾಲರಾದಲ್ಲಿ ಅದು ಇನ್ನೂ ಚೆನ್ನಾಗಿ ಕೆಲಸ ಮಾಡಿದೆ. ಅಜ್ಜಿಯದ್ದರಲ್ಲಿ ಇಲ್ಲದ್ದು ಅಳತೆ. ಎರಡು ಹರಳು ಅಂದರೆ ಎಷ್ಟು? ಪೊಟ್ಟಣದಲ್ಲಿ ಪೊಟ್ಯಾಶಿಯಂ ಸೇರಿ ಲೆಕ್ಕ ಹಾಕಿದ 20.5 ಗ್ರಾಂ ಇದೆ. ಜಾಸ್ತಿ ನೀರಾದರೆ ಗುಣ ಕಡಿಮೆ, ನೀರು ಕಡಿಮೆಯಾದರೆ ಉಪ್ಪು ಏರಿ ಮಗುವಿಗೆ ಅಪಾಯ. ಅಜ್ಜಿಯ ಹಿತ್ತಾಳೆ ಲೋಟ ಇನ್ನೂ ಅಡುಗೆಮನೆಯಲ್ಲಿದೆ. ಮೊನ್ನೆ ಅಳೆದು ನೋಡಿದೆ. ಐದು ಲೋಟಕ್ಕೆ ಸರಿಯಾಗಿ ಒಂದು ಲೀಟರ್.